ಬಿ.ಇ. ಆದಮೇಲೂ ಓದು ಇದೆ



ನಮ್ಮೂರಲ್ಲಿ ಬಿ.ಇ. ಎಂದರೆ ಓದಿನ ಕೊನೆ. ಮುಂದೆ ಓದಿಸಲು ದುಡ್ಡೆಲ್ಲಿದೆ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಹಳಬರಿಗೆ ಅದು ಟಾಟಾ ಇನ್‌ಸ್ಟಿಟ್ಯೂಟ್) ಮೆಕ್ಯಾನಿಕಲ್ ಎಂ.ಟೆಕ್. ಸೇರಲು ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬೇಕು. ಹಾಗೆ ಸೇರಿದವರಿಗೆ ಸರ್ಕಾರವೇ ತಿಂಗಳಿಗೆ 12,400 ರೂಪಾಯಿ ಕೊಡುತ್ತದೆ, ಪಿಎಚ್.ಡಿ.ಗೆ ಇನ್ನೂ ಹೆಚ್ಚು. ಗೇಟನ್ನು ಬಿ.ಇ. ಮೂರನೇ ವರ್ಷದಲ್ಲೇ ಬರೆಯಬಹುದು, ಅಂಕ 3 ವರ್ಷ ಚಾಲ್ತಿಯಲ್ಲಿರುತ್ತದೆ.

ಅಲ್ಲಿಯ ಓದು ಬಾಯಿಪಾಠವಲ್ಲ. ಲೋಹ ಎಲ್ಲಿಂದ ಬಿರುಕು ಬಿಡುತ್ತದೆ, ಬಿಸಿ ಹೇಗೆ ಹರಿಯುತ್ತದೆ ಎಂದು ತಾನೇ ಪ್ರಯೋಗ ಮಾಡಿ ಕಂಡುಕೊಳ್ಳಬೇಕು. ತಿಂಗಳುಗಟ್ಟಲೆ ಪ್ರಯೋಗ ಕೈಕೊಡುವುದೂ ಉಂಟು. ಕೆಟ್ಟ ಪಂಪ್‌ಸೆಟ್ಟಿನ ಮುಂದೆ ಇಡೀ ದಿನ ಕೂತ ನಮ್ಮವರಿಗೆ ಆ ತಾಳ್ಮೆ ಹೊಸದೇನಲ್ಲ.

ಹೆಣ್ಣುಮಕ್ಕಳ ತಂದೆತಾಯಿಯರಲ್ಲಿ ಒಂದೇ ವಿನಂತಿ: ಮಗಳು ಗೇಟ್ ಬರೆಯುವ ತನಕ ಗಂಡು ನೋಡಬೇಡಿ.