ಅಮೀರ್‌ಪೇಟ್ ಹಾಸ್ಟೆಲ್ಲಿನ ಟಿವಿಯಲ್ಲಿ ಅಶ್ವತ್ಥ್

ಹೋದ ಸಲ ಇಲ್ಲಿ ಮಾತಾಡಿದವರು ಪಂಕ್ ಸಂಗೀತದ ಬಗ್ಗೆ ಹೇಳಿದ್ರು. 1976ರಲ್ಲಿ ಸೆಕ್ಸ್ ಪಿಸ್ಟಲ್ಸ್ ಇಂಗ್ಲೆಂಡಿನ ಟಿವಿಯಲ್ಲಿ ಹಾಡಿದ್ದು, ಅದನ್ನ ನೋಡಿದ ಹುಡುಗರಿಗೆ ಹುಚ್ಚು ಹಿಡಿದದ್ದು. ಕೇಳ್ತಾ ಕೂತಾಗ ನನಗೆ ಅನ್ನಿಸ್ತು, ಅರೆ, ಇದು ನನ್ನದೇ ಕಥೆಯಲ್ಲ! ಆದ್ರೆ ನನ್ನ ಪಂಕ್ ಗಾಯಕ ಜುಬ್ಬಾ ಹಾಕ್ಕೊಂಡು ಹಾರ್ಮೋನಿಯಂ ಮುಂದೆ ಕೂತಿದ್ರು. ಸಿ. ಅಶ್ವತ್ಥ್. ನಗಬೇಡಿ.

2006. ಹಾವೇರಿಯಿಂದ ಬಂದು ಅಮೀರ್‌ಪೇಟ್‌ನಲ್ಲಿ ಜಾವಾ ಕಲೀತಿದ್ದೆ. ಮೈತ್ರಿವನಂ ಸುತ್ತ ಕಾಲಿಟ್ಟಲ್ಲೆಲ್ಲ ಕೋರ್ಸಿನ ಪಾಂಪ್ಲೆಟ್, ಎಸ್.ಆರ್. ನಗರದ ಹಾಸ್ಟೆಲ್ಲಲ್ಲಿ ಒಂದು ರೂಮಿಗೆ ಐದು ಜನ. ಸ್ಪೋಕನ್ ಇಂಗ್ಲಿಷ್ ಹೇಳಿಕೊಡೋ ಸರ್ ಒಬ್ಬರು ಇಡೀ ಕ್ಲಾಸಿನ ಮುಂದೆ ಹೇಳಿದ್ರು, ನಿನ್ನ ದನಿ ಬಹಳ ಒರಟು, ಹೊಲದಲ್ಲಿ ಎತ್ತು ಕೂಗಿದಂಗಿದೆ, ಇಂಟರ್‌ವ್ಯೂನಲ್ಲಿ ಮೆತ್ತಗೆ ಮಾತಾಡು ಅಂತ. ಅವತ್ತಿನಿಂದ ನಾನು ಮೆತ್ತಗಾದೆ. ಎಷ್ಟು ಅಂದ್ರೆ, ಊರಿಗೆ ಫೋನ್ ಮಾಡಿದ್ರೆ ಅವ್ವ "ಆರಾಮಿಲ್ಲೇನೋ?" ಅಂತ ಕೇಳೋಳು.

ಹಾಸ್ಟೆಲ್ ಓನರ್ ತಿಂಗಳ ದುಡ್ಡು ಕಟ್ಟೋದು ಬೇಡ ಅಂತ ದೂರದರ್ಶನದ ಪುಕ್ಕಟೆ ಡಿಶ್ ಹಾಕಿಸಿದ್ದ. ಒಂದು ರಾತ್ರಿ ಚಾನೆಲ್ ತಿರುಗಿಸ್ತಾ ಚಂದನ ಬಂತು. ಅಶ್ವತ್ಥ್ ಶರೀಫರ ಪದ ಹಾಡ್ತಿದ್ರು. ಅದೇ ಸಾಲನ್ನ ಮತ್ತೆ ಮತ್ತೆ ಎತ್ತಿಕೊಳ್ಳೋರು. ಒಂದ್ಸಲ ಕೇಳಿದಂಗೆ, ಒಂದ್ಸಲ ಬೈದಂಗೆ, ಮೂರನೇ ಸಲ ಗಂಟಲು ಹರಿದು ಹೋಗುತ್ತೇನೋ ಅನ್ನೋ ಹಾಗೆ. ದನಿ ನುಣುಪಾಗಿ ಕೇಳಿಸ್ಲಿ ಅನ್ನೋ ಚಿಂತೆಯೇ ಅವರಿಗಿದ್ದಂಗೆ ಕಾಣಲಿಲ್ಲ. ಅದೇ ಒರಟು ದನಿ! ಶಿಶುನಾಳ ನಮ್ಮ ಜಿಲ್ಲೆಯದ್ದೇ, ಆ ಪದ ನಾನು ಭಜನೆಯಲ್ಲಿ ನೂರು ಸಲ ಕೇಳಿದ್ದೆ. ಚಿಕ್ಕವನಿದ್ದಾಗ ಅಶ್ವತ್ಥ್ ಕ್ಯಾಸೆಟ್ ಹಾಕಿದ್ರೆ ಅಪ್ಪ "ಇಂವ ಹಾಡಾಕತ್ತಾನೋ, ಜಗಳಾ ತಗಿಯಾಕತ್ತಾನೋ" ಅಂತ ಆಫ್ ಮಾಡ್ತಿದ್ರು. ಆ ರಾತ್ರಿ ನಾನು ವಾಲ್ಯೂಮ್ ಜಾಸ್ತಿ ಮಾಡಿದೆ. ಕರ್ನೂಲಿನ ರೂಮ್‌ಮೇಟ್ ಎದ್ದು ಕೂತು "ಎವರ್ರಾ ಈಯನ?" ಅಂದ. ಬೈತಾನೆ ಅಂದ್ಕೊಂಡ್ರೆ, ಕೊನೇವರೆಗೂ ನೋಡಿದ.

ಆಮೇಲೆ ಸಿಡಿ, ಪೆನ್‌ಡ್ರೈವ್, ಎಲ್ಲಾ ಅವರೇ. ಅವರೂ ನಮ್ಮಂಗೆ ನೌಕರಿ ಮಾಡಿದವರು ಅಂತ ಓದಿ ಇನ್ನೂ ಹತ್ತಿರ ಆದ್ರು. 27 ವರ್ಷ ಐಟಿಐ, ಅಂದ್ರೆ ಟೆಲಿಫೋನ್ ಫ್ಯಾಕ್ಟರಿ. ನೌಕರಿ ಜೊತೆಗೇ ಸಂಗೀತ. 2005ರಲ್ಲಿ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಮಾಡಿ ಭಾವಗೀತೆ ಕೇಳೋಕೆ ಆ ಪಾಟಿ ಜನ ಸೇರಿಸಿದ್ದು ಇದೇ ಮನುಷ್ಯ. ಪಂಡಿತರು ಇದನ್ನ ಪಂಕ್ ಅನ್ನಲ್ಲ, ಬಿಡಿ. ಅಶ್ವತ್ಥ್ ಸಂಗೀತ ಚೆನ್ನಾಗಿ ಬಲ್ಲವರು, ಗೊತ್ತಿದ್ದೇ ದನಿಯನ್ನ ಒರಟಾಗಿ ಬಿಟ್ಟವರು. ನನಗೆ ಅದು ಇನ್ನೂ ದೊಡ್ಡದು ಅನ್ಸುತ್ತೆ.

ನಾನು ಅವರನ್ನ ಎದುರಿಗೆ ನೋಡಲೇ ಇಲ್ಲ. 2008ರಲ್ಲಿ ಬೆಂಗಳೂರಲ್ಲಿ ಕಾರ್ಯಕ್ರಮ ಇತ್ತು, ಬಸ್ ಟಿಕೆಟ್ ಕೂಡ ಮಾಡಿಸಿದ್ದೆ. ಆ ಶನಿವಾರ ರಿಲೀಸ್. ಮ್ಯಾನೇಜರ್ ಹತ್ರ ರಜೆ ಕೇಳೋಕೆ ದನಿ ಬರಲಿಲ್ಲ. ಅವರು ಬೇಡ ಅಂದಿದ್ರೆ ಬೇರೆ ಮಾತು. ನಾನು ಕೇಳಲೇ ಇಲ್ಲ. ಟಿಕೆಟ್ ಕ್ಯಾನ್ಸಲ್ ಮಾಡಿ, ಮುಂದಿನ ವರ್ಷ ನೋಡಿದ್ರಾಯ್ತು ಅಂದ್ಕೊಂಡೆ.

2009ರ ಡಿಸೆಂಬರ್ 29, ಅವರ ಎಪ್ಪತ್ತನೇ ಹುಟ್ಟುಹಬ್ಬದ ದಿನವೇ ಅಶ್ವತ್ಥ್ ತೀರಿಕೊಂಡರು. ಆಫೀಸಲ್ಲಿ ಯಾರಿಗೆ ಹೇಳೋದು? ಸುಮ್ಮನೆ ಕೋಡ್ ಬರೀತಾ ಕೂತೆ. ಮರುದಿನ ಬೆಳಗ್ಗೆ ವಿಷ್ಣುವರ್ಧನ್ ಹೋದ್ರು. ಟಿವಿ, ಪೇಪರ್ ಎಲ್ಲಾ ಆ ಕಡೆ ತಿರುಗಿತು. ತೆಲುಗಿನ ಟೀಮ್ ಲೀಡ್ ನನ್ನ ಸೀಟಿನ ಹತ್ರ ಬಂದು, ನಿಮ್ಮ ದೊಡ್ಡ ಹೀರೋ ಹೋದ್ರಂತೆ, ಸಾರಿ, ಅಂತ ಹೆಗಲ ಮೇಲೆ ಕೈ ಇಟ್ರು. ವಿಷ್ಣು ಬಗ್ಗೆಯೂ ದುಃಖ ಇತ್ತು, ಸುಳ್ಳಲ್ಲ. ಆದ್ರೆ ಅಲ್ಲಿವರೆಗೆ ತಡೆದಿದ್ದ ಅಳು ಅಶ್ವತ್ಥ್‌ಗಾಗಿ ಬಂತು. ಅವರು ಇವತ್ತು ಮನೆಗೆ ಹೋಗು ಅಂದ್ರು. ಆ ರಜೆ ನಾನು ಕೇಳಿರಲಿಲ್ಲ. ಹೋದೆ.