ಮತ್ತೆ ಕಿರಿದಾಗುವ ಧಮನಿ



ಕನ್ನಡ ಪಂಡಿತನಾದವನು ಕಾವ್ಯವನ್ನು ಬಿಟ್ಟು ಹೃದ್ರೋಗದ ಮಾತನ್ನೆತ್ತುವುದು ಅನುಚಿತವೆಂದು ಕೆಲವರಿಗೆ ತೋರಬಹುದು. ಆದರೆ ಆಸ್ಪತ್ರೆಯಿಂದ ಹಿಂದಿರುಗಿದವರು ಇಂಗ್ಲಿಷಿನಲ್ಲಿ ಬರೆದ ಕಾಗದವನ್ನು ಹಿಡಿದು, "ಮಾಸ್ಟ್ರೆ, ಇದರಲ್ಲಿ ಏನುಂಟು?" ಎಂದು ಕೇಳುವುದು ನಮ್ಮ ಕಡೆಯ ಅಧ್ಯಾಪಕರಿಗೆ ಹೊಸತಲ್ಲ. "ಸ್ಟೆಂಟ್ ಹಾಕಿಸಿ ಆಗಿದೆಯಲ್ಲ, ಪುನಃ ಬ್ಲಾಕ್ ಹೇಗೆ?" ಎಂಬ ಪ್ರಶ್ನೆಗೆ ಕನ್ನಡದಲ್ಲಿಯೇ ಉತ್ತರ ದೊರೆಯಬೇಕಷ್ಟೆ. ಬ್ಲಾಕ್ ಎಂದೊಡನೆ ಉಪ್ಪಳದವರಿಗೆ ಪಂಚಾಯತಿನ ನೆನಪೂ ಹೆದ್ದಾರಿಯಲ್ಲಿ ಸಾಲುಗಟ್ಟಿ ನಿಂತ ವಾಹನಗಳ ನೆನಪೂ ಬರುವುದುಂಟು. ನಾನು ಹೇಳಹೊರಟಿರುವುದು ಹೃದಯದ ಸ್ನಾಯುವಿಗೇ ರಕ್ತವನ್ನು ಒಯ್ಯುವ ಕಿರೀಟ ಧಮನಿಗಳ ವಿಚಾರ.

1977ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಜ್ಯೂರಿಕ್ ನಗರದ ವೈದ್ಯ ಆಂಡ್ರಿಯಾಸ್ ಗ್ರುಂಟ್‌ಜಿಗ್ ಅವರು, ಕಿರಿದಾದ ಧಮನಿಯೊಳಗೆ ಪುಟ್ಟ ಬಲೂನನ್ನು ತೂರಿಸಿ ಊದಿ ಅದನ್ನು ಹಿಗ್ಗಿಸಿದರು. ಹಿಗ್ಗಿಸಿದ ನಾಳವು ಕುಗ್ಗದಂತೆ 1986ರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ವೈದ್ಯರು ಲೋಹದ ಜಾಲರಿಯ ಕೊಳವೆಯನ್ನು ಇರಿಸಿದರು. ಅದೇ ಸ್ಟೆಂಟು. ಆದರೂ ಕೇವಲ ಲೋಹದ ಸ್ಟೆಂಟು ಹಾಕಿಸಿಕೊಂಡ 100 ಮಂದಿಯಲ್ಲಿ ಸುಮಾರು 20ರಿಂದ 30 ಮಂದಿಗೆ ಕೆಲವೇ ತಿಂಗಳುಗಳಲ್ಲಿ ನಾಳವು ಮತ್ತೆ ಕಿರಿದಾಗುತ್ತಿತ್ತು.

ಏತಕ್ಕೆ? ಬೇಲಿಗೆಂದು ಎಳೆಮರಕ್ಕೆ ಬಿಗಿದ ತಂತಿಯನ್ನು ತೊಗಟೆಯು ವರ್ಷ ಕಳೆಯುವಷ್ಟರಲ್ಲಿ ನುಂಗಿಬಿಡುವುದನ್ನು ನಮ್ಮ ತೋಟದವರೆಲ್ಲ ಕಂಡಿದ್ದಾರೆ. ಮರವು ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುವ ಬಗೆ ಅದು. ಧಮನಿಯೂ ಹಾಗೆಯೇ. ಬಲೂನಿನಿಂದಲೂ ಲೋಹದಿಂದಲೂ ನೊಂದ ಒಳಗೋಡೆ ಮಾಯುವಾಗ, ಅಲ್ಲಿಯ ಸ್ನಾಯುಕಣಗಳು ಅಳತೆ ಮೀರಿ ಬೆಳೆದು ಜಾಲರಿಯ ಒಳಕ್ಕೆ ಚಾಚುತ್ತವೆ. ವರ್ಷಗಳ ತರುವಾಯ ಆ ಹೊಸ ಪದರದಲ್ಲಿಯೇ ಕೊಬ್ಬು ಕೂಡಿಕೊಳ್ಳುವುದೂ ಉಂಟು. ಸಕ್ಕರೆ ಕಾಯಿಲೆಯವರಲ್ಲಿ, ಸಣ್ಣ ನಾಳಗಳಲ್ಲಿ, ಸ್ಟೆಂಟು ಸರಿಯಾಗಿ ಅರಳದೆ ಉಳಿದಲ್ಲಿ ಈ ಭಯ ಹೆಚ್ಚು.

ಈ ಬೆಳವಣಿಗೆಯನ್ನು ತಡೆಯುವ ಮದ್ದು ದೊರೆತ ಕಥೆ ಸ್ವಾರಸ್ಯವಾದುದು. 1964ರಲ್ಲಿ ಕೆನಡಾದಿಂದ ಹೋದ ತಂಡವೊಂದು ಶಾಂತಸಾಗರದ ನಡುವಿನ ರಾಪಾ ನುಯಿ ದ್ವೀಪದಿಂದ ಹಿಡಿ ಮಣ್ಣನ್ನು ತಂದಿತು. ಆ ಮಣ್ಣಿನ ಸೂಕ್ಷ್ಮಜೀವಿಯಿಂದ ಭಾರತಸಂಜಾತರಾದ ಸುರೇಂದ್ರನಾಥ ಸೆಹಗಲ್ ಅವರೂ ಸಹೋದ್ಯೋಗಿಗಳೂ ರಾಪಾಮೈಸಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿ 1975ರಲ್ಲಿ ಪ್ರಕಟಿಸಿದರು. ಕೆಲಸವು ನಿಂತುಹೋದ ಕಾಲದಲ್ಲಿ ಸೆಹಗಲ್ಲರು ಆ ಜೀವಿಯನ್ನು ಮನೆಯ ಶೀತಪೆಟ್ಟಿಗೆಯಲ್ಲಿ ಕಾಪಾಡಿದರಂತೆ. ಮನೆಯವರ ತಾಳ್ಮೆಯನ್ನೂ ಮೆಚ್ಚಬೇಕು! 1999ರಲ್ಲಿ ಬ್ರೆಜಿಲಿನ ವೈದ್ಯರು ಇದೇ ಮದ್ದನ್ನು ಲೇಪಿಸಿದ ಸ್ಟೆಂಟನ್ನು ಮನುಷ್ಯರಿಗೆ ಅಳವಡಿಸಿದರು. ಇಂದಿನ ಮದ್ದು ಲೇಪಿತ ಸ್ಟೆಂಟುಗಳಲ್ಲಿ ಮತ್ತೆ ಕಿರಿದಾಗುವ ಪ್ರಮಾಣ ಬಹಳ ಇಳಿದಿದೆ, ಇಲ್ಲವಾಗಿಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಇಂಥ ಸ್ಟೆಂಟಿಗೆ 29,600 ರೂಪಾಯಿಗಳ ಮಿತಿಯನ್ನು ಹಾಕಿದ ಮೇಲೆ ಬಡವರಿಗೂ ಅದು ಕೈಗೆಟುಕಿತು.

ಮತ್ತೆ ಕಿರಿದಾದರೆ ಗತಿಯೇನು? ಮೊದಲು ಕಾರಣವನ್ನು ಕಾಣಬೇಕು. ಧಮನಿಯೊಳಕ್ಕೇ ಹೋಗಿ ಶಬ್ದತರಂಗದಿಂದಲೋ ಬೆಳಕಿನಿಂದಲೋ ಚಿತ್ರ ತೆಗೆಯುವ ಸಾಧನಗಳಿವೆ. ಹಳೆಯ ಸ್ಟೆಂಟು ಅರಳಿಲ್ಲದಿದ್ದರೆ ಹೆಚ್ಚಿನ ಒತ್ತಡದ ಬಲೂನಿನಿಂದ ಅರಳಿಸುತ್ತಾರೆ. ಸುಣ್ಣಗಟ್ಟಿದ್ದರೆ ತರಂಗಗಳ ಪೆಟ್ಟಿನಿಂದ ಒಡೆಯುತ್ತಾರೆ. ಮಾಂಸಪದರ ಬೆಳೆದಿದ್ದರೆ ಮದ್ದು ಲೇಪಿತ ಬಲೂನನ್ನು ಸುಮಾರು ಒಂದು ನಿಮಿಷ ಒತ್ತಿಹಿಡಿದು ಹೊರತೆಗೆಯುವುದುಂಟು. ಮದ್ದು ಗೋಡೆಯಲ್ಲಿ ಉಳಿಯುತ್ತದೆ, ಹೊಸ ಲೋಹ ಉಳಿಯುವುದಿಲ್ಲ. ಇಲ್ಲವೆ ಇನ್ನೊಂದು ಸ್ಟೆಂಟು. ಪದರದ ಮೇಲೆ ಪದರ ಕೂಡಿದವರಿಗೆ, ಹಲವು ನಾಳಗಳು ಕೆಟ್ಟವರಿಗೆ ಬೈಪಾಸ್ ಶಸ್ತ್ರಕ್ರಿಯೆಯೇ ಲೇಸೆಂದು ವೈದ್ಯರು ಹೇಳಬಹುದು. ಅದನ್ನು ಸೋಲೆಂದು ಬಗೆಯಬೇಕಾಗಿಲ್ಲ.

ಒಂದು ಭೇದವನ್ನು ಮನೆಯವರೆಲ್ಲ ತಿಳಿದಿರಬೇಕು. ಕಿರಿದಾಗುವಿಕೆ ಸಾಮಾನ್ಯವಾಗಿ ಮೆಲ್ಲಮೆಲ್ಲನೆ ಆಗುವುದು. ಏರು ಹತ್ತುವಾಗ ಹಿಂದಿನ ಎದೆನೋವೇ ಮರಳುವುದು. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವುದಾದರೋ ಹಠಾತ್ತಾದ ವಿಪತ್ತು. ವೈದ್ಯರನ್ನು ಕೇಳದೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮೊದಲಾದ ಗುಳಿಗೆಗಳನ್ನು ನಿಲ್ಲಿಸುವವರು ಆ ವಿಪತ್ತನ್ನು ತಾವಾಗಿ ಕರೆದಂತೆ. ಹಲ್ಲು ಕೀಳಿಸುವ ಮೊದಲೂ ಹೃದಯದ ವೈದ್ಯರನ್ನು ಕೇಳಬೇಕು.

ನಮಗೆ ಮಂಗಳೂರಿನ ದಾರಿ ಎಂತಹುದೆಂಬುದನ್ನು 2020 ತೋರಿಸಿಕೊಟ್ಟಿತು. ಆ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಚಿಕಿತ್ಸೆಗೆ ಆಚೆ ದಾಟಲಾಗದೆ ಈ ಜಿಲ್ಲೆಯ ರೋಗಿಗಳು ಪ್ರಾಣಬಿಟ್ಟರು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯ ಆಜ್ಞೆ ಮಾಡಿತು, ಸರ್ವೋಚ್ಚ ನ್ಯಾಯಾಲಯದವರೆಗೂ ವ್ಯಾಜ್ಯ ನಡೆಯಿತು. ಆಮೇಲೆ ತುರ್ತು ರೋಗಿಗಳಿಗೆ ದಾರಿಯಾಯಿತು. ಎದೆನೋವು ತೀರ್ಪಿಗಾಗಿ ಕಾಯುವಂಥದಲ್ಲ. ಕಾಸರಗೋಡಿನಲ್ಲಿಯೇ ಈ ಚಿಕಿತ್ಸೆ ಪೂರ್ಣವಾಗಿ ದೊರೆಯಬೇಕೆಂದು ಕೇಳುವುದು ಕನ್ನಡಿಗರಿಗೂ ಮಲಯಾಳಿಗಳಿಗೂ ಸಮಾನವಾದ ಹಕ್ಕು.

ಕೊನೆಯದಾಗಿ ಆ ಕಾಗದದ ವಿಚಾರ. ಸ್ಟೆಂಟು ಹಾಕಿದಾಗ ಒಂದು ಚೀಟಿಯನ್ನು ಕೊಡುತ್ತಾರೆ. ಯಾವ ನಾಳ, ಎಷ್ಟು ಅಗಲ, ಎಷ್ಟು ಉದ್ದ, ಯಾವ ದಿನ ಎಂಬುದು ಅದರಲ್ಲಿರುತ್ತದೆ. ಚಿತ್ರಗಳ ಸಿ.ಡಿ.ಯೂ ಇರುತ್ತದೆ. ಎರಡನೆಯ ಸಲ ಹೋಗುವಾಗ ವೈದ್ಯರು ಮೊದಲು ಕೇಳುವುದು ಇವನ್ನೇ. ಮನೆಯ ಪತ್ರ, ತೀರ್ವೆ ರಸೀದಿಗಳನ್ನು ಇರಿಸುವ ಪೆಟ್ಟಿಗೆಯಲ್ಲಿಯೇ ಇವನ್ನೂ ಇರಿಸಿ, ಎಲ್ಲಿದೆಯೆಂಬುದನ್ನು ಮಕ್ಕಳಿಗೂ ತಿಳಿಸಿಡಿ.