ಒಂದು ‘ಈಸ್’, ಒಂದು ‘ಆರ್’, ಒಂದು ನೌಕರಿ

ಇವತ್ತು ಇಂಗ್ಲಿಷ್ ವ್ಯಾಕರಣದ ಬಗ್ಗೆ ಮಾತಾಡೋಣ. ಚಾನೆಲ್ ಬದಲಿಸಬೇಡಿ, ಇದು ನಮ್ಮ ಹುಡುಗ ಹುಡುಗಿಯರ ನೌಕರಿಯ ವಿಷಯ.

ಐಬಿಪಿಎಸ್ ನಡೆಸುವ ಬ್ಯಾಂಕ್ ಆಫೀಸರ್ ಪ್ರಿಲಿಮ್ಸ್‌ನಲ್ಲಿ 100 ಪ್ರಶ್ನೆ. ಅದರಲ್ಲಿ ಇಂಗ್ಲಿಷ್ 30. ಅದಕ್ಕೆ ಸಮಯ 20 ನಿಮಿಷ. ಉತ್ತರ ತಪ್ಪಾದರೆ ಕಾಲು ಅಂಕ ಕಟ್. ಕ್ಲರ್ಕ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು 2021ರಲ್ಲಿ ಕೇಂದ್ರ ಸರ್ಕಾರ ಹೇಳಿತು. ಒಳ್ಳೆಯದೇ. ಆದರೆ ಇಂಗ್ಲಿಷ್ ವಿಭಾಗ ಹಾಗೇ ಉಳೀತು. ಅಲ್ಲಿ ‘ಈಸ್’ ಹಾಕಬೇಕಾ, ‘ಆರ್’ ಹಾಕಬೇಕಾ ಅನ್ನೋ ಒಂದೇ ಪ್ರಶ್ನೆ ಒಬ್ಬನನ್ನು ಕಟ್‌ಆಫ್‌ನ ಹೊರಗೆ ನಿಲ್ಲಿಸಬಹುದು.

ಒಂದು ಮಾದರಿ ನೋಡಿ. ‘ದಿ ಬಾಕ್ಸ್ ಆಫ್ ಮ್ಯಾಂಗೋಸ್’ ಆದಮೇಲೆ ಖಾಲಿ ಜಾಗ. ಈಸ್ ಅಥವಾ ಆರ್? ‘ಮ್ಯಾಂಗೋಸ್’ ಪಕ್ಕದಲ್ಲೇ ಇದೆ ಅಂತ ‘ಆರ್’ ಒತ್ತುವವರು ತುಂಬಾ ಜನ. ಈಗ ಶಿವಾಜಿನಗರದ ರಸೆಲ್ ಮಾರ್ಕೆಟ್‌ನಲ್ಲಿ ನಿಂತು ಅದನ್ನೇ ಕನ್ನಡದಲ್ಲಿ ಹೇಳಿ: ‘ಮಾವಿನಹಣ್ಣುಗಳ ಪೆಟ್ಟಿಗೆ ಬಂತು.’ ಬಂದದ್ದು ಯಾವುದು? ಪೆಟ್ಟಿಗೆ. ಅಲ್ಲಿಗೆ ಉತ್ತರ ‘ಈಸ್’. ‘ಹುಡುಗರಲ್ಲಿ ಒಬ್ಬ ಬಂದ’ ಅಂತೀವಿ, ‘ಬಂದರು’ ಅನ್ನಲ್ಲ. ‘ಒನ್ ಆಫ್ ದಿ ಬಾಯ್ಸ್’ಗೂ ಅದೇ ಲೆಕ್ಕ.

ಬಂದನು, ಬಂದಳು, ಬಂದರು, ಬಂತು, ಬಂದವು. ಇಂಗ್ಲಿಷ್‌ನಲ್ಲಿ ಈ ಐದಕ್ಕೂ ‘ಕೇಮ್’ ಒಂದೇ. ಕರ್ತೃವಿಗೆ ತಕ್ಕ ಕ್ರಿಯಾಪದ ಹಾಕುವುದು ಕನ್ನಡದವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಹಾಗಾದ್ರೆ ಎಡವುವುದು ಎಲ್ಲಿ? ಎರಡು ಭಾಷೆ ದಾರಿ ಬೇರೆಯಾಗುವಲ್ಲಿ. ‘ಅಪ್ಪ ಬಂದ್ರು’ ಅಂತೀವಿ. ಅಪ್ಪ ಒಬ್ಬರೇ, ಗೌರವಕ್ಕೆ ಬಹುವಚನ. ಇಂಗ್ಲಿಷ್‌ನಲ್ಲಿ ಆ ಗೌರವ ಇಲ್ಲ, ಅಲ್ಲಿ ಅಪ್ಪನಿಗೂ ‘ಈಸ್’. ‘ಎರಡು ಬಸ್ ಬಂತು’ ಅಂತ ಮಾತಲ್ಲಿ ನಡೆಯುತ್ತೆ, ಇಂಗ್ಲಿಷ್‌ನಲ್ಲಿ ಬಸ್ಸಿಗೂ ಕ್ರಿಯಾಪದಕ್ಕೂ ಬಹುವಚನ ಬೇಕು. ಪದಗಳ ಆಯ್ಕೆಯೂ ಹೀಗೇ. ಟೀವಿ ನೋಡ್ತೀವಿ, ಕನ್ನಡಿ ನೋಡ್ತೀವಿ, ಡಾಕ್ಟರನ್ನೂ ನೋಡ್ತೀವಿ. ನಮಗೆ ಒಂದು ‘ನೋಡು’ ಸಾಕು. ಅವರಿಗೆ ವಾಚ್, ಲುಕ್, ಸೀ ಮೂರೂ ಬೇಕು.

ಇಷ್ಟನ್ನು ಕನ್ನಡ ಪಕ್ಕದಲ್ಲಿಟ್ಟು ಹೇಳಿಕೊಟ್ಟರೆ ಹುಡುಗರಿಗೆ ಅರ್ಥವಾಗುತ್ತೆ. ಬಹಳ ಕಡೆ ಆಗುತ್ತಿರುವುದು ಬೇರೆ. ನಿಯಮಗಳ ಉದ್ದ ಪಟ್ಟಿ ಕೊಟ್ಟು ಉರು ಹೊಡೆಸೋದು, ತಪ್ಪಿದವರಿಗೆ ‘ಕನ್ನಡ ಮೀಡಿಯಂ ಅಲ್ವಾ’ ಅಂತ ಹಂಗಿಸೋದು.

ಬ್ರಿಟಿಷರು 1809ರಲ್ಲಿ ದಂಡು ಕಟ್ಟಿದ ಕಾಲದಿಂದ ಇಂಗ್ಲಿಷ್ ಈ ಊರಲ್ಲಿದೆ. ಅದೇ ದಂಡು ಪ್ರದೇಶದ ಶಿವಾಜಿನಗರದಲ್ಲಿ ಉರ್ದು, ತಮಿಳು, ಕನ್ನಡ, ಇಂಗ್ಲಿಷ್ ಬೆರೆಸಿ ಚೌಕಾಸಿ ಮಾಡುವ ವ್ಯಾಪಾರಿಗಳು ಇವತ್ತಿಗೂ ಇದ್ದಾರೆ. ಕಲಿಯುವ ಶಕ್ತಿ ನಮ್ಮಲ್ಲಿದೆ, ಕಲಿಸುವ ರೀತಿ ಬದಲಾಗಬೇಕು.

ಕೆ.ಆರ್. ಪುರದ ಬಾಡಿಗೆ ರೂಮಲ್ಲಿ ಓದುವ ಹುಡುಗಿ ಒಂದು ‘ಈಸ್’ನಿಂದ ಸೋತರೆ ನಷ್ಟ ಅವಳಿಗೆ ಮಾತ್ರ ಅಲ್ಲ. ನಾಳೆ ಹಲಸೂರಿನ ಬ್ಯಾಂಕಿಗೆ ಪೆನ್ಷನ್ ಕೇಳಲು ಹೋದ ಅಜ್ಜಿಗೆ, ಕೌಂಟರ್ ಆಚೆ ಕನ್ನಡ ಬಲ್ಲವರೇ ಇರಲ್ಲ.